ಹೆಡ್‌ಫೋನಿಗೆ ಐದಡಿ ಗುಂಡಿ

ವಾಮದೇವಪ್ಪನ ಎರಡು ಕಿವಿಗಳ ಮೇಲೆ ಇಪ್ಪತ್ತೆರಡು ವರ್ಷ ನಡೆದ ಅನ್ಯಾಯವನ್ನು ಯಾವ ಕೋರ್ಟೂ ವಿಚಾರಣೆಗೆ ತೆಗೆದುಕೊಂಡಿರಲಿಲ್ಲ. ಅವನು ದಾವಣಗೆರೆಯ ಒಂದು ಕಲ್ಯಾಣ ಮಂಟಪದ ಮ್ಯಾನೇಜರ್. ವರ್ಷಕ್ಕೆ ನೂರು ಮದುವೆಯಾದರೂ ಆಗುತ್ತಿದ್ದವು. ಮದುವೆಗೊಂದು ಬ್ಯಾಂಡು, ಆರತಕ್ಷತೆಗೊಂದು ಆರ್ಕೆಸ್ಟ್ರಾ, ಇವೆರಡರ ನಡುವೆ "ಬೀಗರು ಊಟಕ್ಕೆ ಬರಬೇಕು" ಎಂದು ಕರೆಯುವ ಮೈಕು. ಆ ಮೈಕು ಮೊದಲು ಕೀಂಯ್ ಎಂದು ಕಿರುಚಿ, ಆಮೇಲೆ ಬೀಗರನ್ನು ಕರೆಯುತ್ತಿತ್ತು. ಬೀಗರು ಉಂಡು ಎದ್ದು ಹೋಗುತ್ತಿದ್ದರು. ಕೀಂಯ್ ಮಾತ್ರ ವಾಮದೇವಪ್ಪನ ಜೊತೆ ವಿನೋಬನಗರದ ಮನೆಗೆ ಬರುತ್ತಿತ್ತು.

ಐವತ್ತನಾಲ್ಕನೆಯ ವಯಸ್ಸಿನಲ್ಲಿ ಅವನು ಒಂದು ತೀರ್ಮಾನಕ್ಕೆ ಬಂದ. ಮನೆಯಲ್ಲಾದರೂ ತಾನು ಶುದ್ಧವಾದ ಸಂಗೀತ ಕೇಳಬೇಕು. "ನನ್ನ ಕಿವಿ ಸಾಮಾನ್ಯದ್ದಲ್ಲ. ಸೂಕ್ಷ್ಮ ಐತೆ" ಎಂದು ಹೆಂಡತಿ ದ್ರಾಕ್ಷಾಯಣಮ್ಮನಿಗೆ ಗಂಭೀರವಾಗಿ ಹೇಳಿದ.

"ಸೂಕ್ಷ್ಮ ಇರೋ ಕಿವಿಗೆ ಹಾಲು ಉಕ್ಕೋದು ಕೇಳಿಸಲ್ಲೇನ್ರಿ?" ಎಂದಳು ದ್ರಾಕ್ಷಾಯಣಮ್ಮ. "ಮನೇಲಿ ಟಿ.ವಿ. ಐತೆ, ರೇಡಿಯೊ ಐತೆ, ನಾನಿದೀನಿ. ಇನ್ನೇನು ಕೇಳ್ಬೇಕು ನಿಮಗೆ?"

ವಾಮದೇವಪ್ಪ ಮೊಬೈಲಿನಲ್ಲಿ ಮೂರು ತಿಂಗಳು ವೀಡಿಯೊ ನೋಡಿದ. ಗಡ್ಡ ಬಿಟ್ಟ ತರುಣರು ಹೆಡ್‌ಫೋನುಗಳನ್ನು ಕೈಯಲ್ಲಿ ಹಿಡಿದು, ಬೀಗರು ಹೆಣ್ಣು ನೋಡುವ ಹಾಗೆ ತಿರುಗಿಸಿ ತಿರುಗಿಸಿ ಗುಣದೋಷ ಹೇಳುತ್ತಿದ್ದರು. ಕಡೆಗೆ, ಕಡಿಮೆ ಬೆಲೆಗೆ ಇದಕ್ಕಿಂತ ಒಳ್ಳೆಯದು ಇಲ್ಲವೆಂದು ಮೂವರು ಗಡ್ಡದವರು ಒಪ್ಪಿದ ದೊಡ್ಡದೊಂದು ಹೆಡ್‌ಫೋನನ್ನು ತರಿಸಿದ. ತಲೆಗೆ ಹಾಕಿದರೆ ಎರಡು ಕಿವಿಗೂ ಎರಡು ಚಕ್ಕುಲಿ ಮುಚ್ಚಿದ ಹಾಗೆ ಇರುತ್ತಿತ್ತು. ಆದರೆ ಹಾಡು ಹಾಕಿದರೆ ಹಾಡುವವನು ದೂರದ ಹರಪನಹಳ್ಳಿಯಲ್ಲಿ ನಿಂತು ಹಾಡಿದಂತೆ ಕೇಳಿಸಿತು. ಇಷ್ಟು ದೊಡ್ಡ ಹೆಡ್‌ಫೋನಿಗೆ ಮೊಬೈಲಿನ ಶಕ್ತಿ ಸಾಲದು, ಆಂಪ್ಲಿಫೈಯರ್ ಬೇಕು ಎಂದು ಗಡ್ಡದವರು ವೀಡಿಯೊದ ಕೊನೆಯಲ್ಲಿ ಹೇಳಿದ್ದರು. ವಾಮದೇವಪ್ಪ ಯಾವ ವೀಡಿಯೊವನ್ನೂ ಕೊನೆಯವರೆಗೆ ನೋಡಿರಲಿಲ್ಲ.

ಆಂಪ್ಲಿಫೈಯರಿನ ಬೆಲೆ ನೋಡಿ ಅವನಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಹರಿಹರದ ಬಸ್ಸು ಹತ್ತಿದ.

ಹರಿಹರದಲ್ಲಿ ಶಬ್ಬೀರ್ ಎಂಬವನ ಅಂಗಡಿ ಇತ್ತು. ಮಂಟಪದ ಮೈಕು ಕೆಟ್ಟಾಗಲೆಲ್ಲ ರಿಪೇರಿ ಮಾಡಿಕೊಡುತ್ತಿದ್ದವನು ಅವನೇ. ಮನೆ ವೈರಿಂಗಿನ ಕೆಲಸವನ್ನೂ ಮಾಡುತ್ತಿದ್ದ. ವಿಷಯ ಕೇಳಿ ಶಬ್ಬೀರ್ ಕೈಬೀಸಿದ. "ಕಂಪನಿ ಮಾಲು ಯಾಕ್ರಿ ಯಜಮಾನ್ರೆ? ಹಳೇ ಸಾಮಾನು ಹಾಕಿ ನಾನೇ ಕಟ್ಟಿ ಕೊಡ್ತೀನಿ. ಬಾಕ್ಸು ನೋಡೋಕೆ ಟಿಫಿನ್ ಡಬ್ಬಿ ಥರ ಇರುತ್ತೆ. ಆದ್ರೆ ಆವಾಜ್ ಎಂಥಾದ್ದು ಅಂತೀರಿ!"

ಆ ಆವಾಜಿಗಾಗಿ ವಾಮದೇವಪ್ಪ ಒಂದು ತಿಂಗಳಲ್ಲಿ ಐದು ಸಲ ಹರಿಹರಕ್ಕೆ ಹೋಗಿಬಂದ. ಐದನೆಯ ಸಲ ಡಬ್ಬಿಯನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ತಂದ. ಮನೆಯಲ್ಲಿ ಸ್ವಿಚ್ ಒತ್ತಿ, ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚಿದ.

ಗುಂಯ್ಯ್ಯ್ ಎಂದಿತು.

ಹಾಡು ಇತ್ತು, ಇಲ್ಲವೆಂದಲ್ಲ. ಹಾಡಿನ ಕೆಳಗೆ ಒಂದು ಜೇನುಗೂಡೇ ಇತ್ತು. ವಾಮದೇವಪ್ಪ ಡಬ್ಬಿಯ ಮೇಲೆ ಸಿಟ್ಟಿನಿಂದ ಬೆರಳಿಟ್ಟ. ಗುಂಯ್ ನಿಂತಿತು. ಬೆರಳು ತೆಗೆದ. ಗುಂಯ್. ಪ್ರಯೋಗಗಳನ್ನು ಮುಂದುವರಿಸಿದಾಗ, ಒದ್ದೆ ಗೋಣಿಚೀಲದ ಮೇಲೆ ಬರಿಗಾಲಿಟ್ಟು, ಡಬ್ಬಿಗೆ ತೋರುಬೆರಳು ಒತ್ತಿ, ಅಲುಗಾಡದೆ ಕೂತರೆ ಹಾಡು ಚೊಕ್ಕಟವಾಗಿ ಕೇಳುತ್ತದೆಂದು ತಿಳಿಯಿತು. ಆ ಭಂಗಿಯಲ್ಲಿ ಗಂಡನನ್ನು ಕಂಡ ದ್ರಾಕ್ಷಾಯಣಮ್ಮ ಬಾಗಿಲಲ್ಲೇ ನಿಂತು, "ಇದು ಯಾವ ವ್ರತ ಹಿಡಿದೀರಿ?" ಎಂದು ಕೇಳಿದಳು.

ಫೋನಿನಲ್ಲಿ ಇದನ್ನು ಕೇಳಿ ಶಬ್ಬೀರ್ ಹೌಹಾರಿದ. "ಅಲ್ಲಾ! ಬೆರಳು ತೆಗೀರಿ ಯಜಮಾನ್ರೆ, ನಾನೇ ಬರ್ತೀನಿ" ಎಂದು ಮರುದಿನ ಬೆಳಿಗ್ಗೆ ಬಂದ. ಕೈಯಲ್ಲಿ ಕೆಂಪು ಕಡ್ಡಿ, ಕಪ್ಪು ಕಡ್ಡಿ ಇದ್ದ ಮೀಟರು. ಒಳಗೆಲ್ಲ ಮುಟ್ಟಿಸಿ ನೋಡಿದ, ಹಿತ್ತಲಿಗೆ ಬಂದು ನೀರಿನ ಪೈಪಿಗೆ ಮುಟ್ಟಿಸಿದ. ಮೀಟರು ಬೀಪ್ ಬೀಪ್ ಎಂದಿತು.

"ನಿಮ್ಮ ಮನೇಲಿ ಅರ್ಥಿಂಗೇ ಇಲ್ರಿ, ಕರೆಂಟು ಭೂಮಿಗೆ ಇಳಿಯೋಕೆ ದಾರಿನೇ ಇಲ್ಲ. ಅದಕ್ಕೇ ಗುಂಯ್ ಅನ್ನೋದು. ಸ್ವಿಚ್ ಬೋರ್ಡಿನ ಮೂರನೇ ತೂತು ಬರೇ ಚಂದಕ್ಕೆ ಐತೆ. ಇಲ್ಲಿ ಐದಡಿ ಗುಂಡಿ ತೆಗೀಬೇಕು. ತಳದಾಗೆ ತಾಮ್ರದ ಪ್ಲೇಟು. ಸುತ್ತ ಉಪ್ಪು, ಇದ್ದಿಲು."

"ಮೆತ್ತಗೆ ಮಾತಾಡು ಮಾರಾಯ" ಎಂದು ವಾಮದೇವಪ್ಪ ಅಡುಗೆಮನೆಯ ಕಡೆ ನೋಡಿದ. ಗುಂಡಿಯ ಖರ್ಚು ಹೆಡ್‌ಫೋನಿನ ಖರ್ಚನ್ನು ಮೀರುತ್ತಿತ್ತು. ಕಾಂಪೌಂಡಿನ ಮೂಲೆಗೆ ಶಬ್ಬೀರನನ್ನು ಎಳೆದುಕೊಂಡು ಹೋಗಿ, ಕಿವಿಯಲ್ಲಿ ಪಿಸುಗುಟ್ಟಿದ: "ಆ ತಾಮ್ರದ ಪ್ಲೇಟಿನ ವಿಷಯ ಯಾರಿಗೂ ಗೊತ್ತಾಗ್ಬಾರ್ದು."

ಕಾಂಪೌಂಡಿನ ಆಚೆ, ಬೀಪ್ ಸದ್ದು ಕೇಳಿ ಆಗತಾನೇ ಹತ್ತಿರ ಬಂದು ದಾಸವಾಳ ಬಿಡಿಸುತ್ತಿದ್ದ ಸೂರಪ್ಪ ಮೇಷ್ಟ್ರ ಕೈ ಅಲ್ಲೇ ನಿಂತಿತು.

ಸೂರಪ್ಪ ಮೇಷ್ಟ್ರು ನಿವೃತ್ತ ಇತಿಹಾಸ ಶಿಕ್ಷಕರು. ತಾಮ್ರಪಟಗಳ ಬಗ್ಗೆ ಮೂವತ್ತೊಂದು ವರ್ಷ ಪಾಠ ಮಾಡಿದ್ದರು, ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ಈಗ ತಮ್ಮ ಗೋಡೆಯಿಂದ ಮೂರು ಅಡಿ ದೂರದಲ್ಲಿ, ಹರಿಹರದಿಂದ ಬಂದವನೊಬ್ಬ ಬೀಪ್ ಎನ್ನುವ ಯಂತ್ರದಿಂದ ಒಂದು ತಾಮ್ರಪಟವನ್ನು ಪತ್ತೆ ಹಚ್ಚಿದ್ದ! ಅದನ್ನು ಮುಚ್ಚಿಡಲು ಒಬ್ಬ ಕಲ್ಯಾಣ ಮಂಟಪದ ಮ್ಯಾನೇಜರು ಸಂಚು ಮಾಡುತ್ತಿದ್ದ! ಮೇಷ್ಟ್ರ ರಕ್ತ ಕುದಿಯಿತು.

ವಾಮದೇವಪ್ಪನಿಗೆ ಹೆಂಡತಿಯಿಂದ ಖರ್ಚು ಮುಚ್ಚಿಡುವುದು ಆಗಲಿಲ್ಲ. ಆದರೆ ಅವಳು ಬೈಯಲೂ ಇಲ್ಲ. "ನಿಮ್ಮ ಹಾಡು ಹಾಳಾಗಿ ಹೋಗ್ಲಿ, ನನ್ನ ಮಿಕ್ಸಿ ಮುಟ್ಟಿದ್ರೆ ಚುರುಕ್ ಅನ್ನೋದು ನಿಲ್ಲುತ್ತಲ್ಲ, ಅಷ್ಟು ಸಾಕು" ಎಂದಳು. ಒಂದೇ ಒಂದು ಷರತ್ತು ಹಾಕಿದಳು. ಭೂಮಿ ಅಗೆಯುವ ಮುಂಚೆ ಪೂಜೆ ಆಗಬೇಕು.

ಹಾಗಾಗಿ ಗುರುವಾರ ಬೆಳಿಗ್ಗೆ ಸೂರಪ್ಪ ಮೇಷ್ಟ್ರು ತಮ್ಮ ಮಾಳಿಗೆಯ ಮೇಲಿಂದ ಕಂಡದ್ದು ಇಷ್ಟು: ಕರಿಬೇವಿನ ಗಿಡದ ಬುಡದಲ್ಲಿ ಅರಿಶಿನ ಕುಂಕುಮ, ಒಡೆದ ತೆಂಗಿನಕಾಯಿ, ಮಾಯಕೊಂಡದಿಂದ ಬಂದ ಇಬ್ಬರು ಆಳುಗಳು, ಒಂದು ಮೂಟೆ ಉಪ್ಪು, ಒಂದು ಮೂಟೆ ಇದ್ದಿಲು. ಮಧ್ಯಾಹ್ನದ ಹೊತ್ತಿಗೆ ಗುಂಡಿಯಲ್ಲಿ ಇಳಿದವರ ತಲೆ ಮಾತ್ರ ಕಾಣುವಂತಾಯಿತು. ಸಂಜೆಗೆ ಗುಂಡಿ ಮುಚ್ಚಿ, ಮೇಲೊಂದು ಪೈಪಿನ ತುದಿ ಬಿಟ್ಟಿದ್ದರು. "ಎರಡು ದಿನ ನೀರು ಕುಡಿಸ್ರಿ. ಶನಿವಾರ ಬಂದು ವೈರು ಕೊಡ್ತೀನಿ" ಎಂದು ಶಬ್ಬೀರ್ ಹೋದ. ವಾಮದೇವಪ್ಪ ಬೆಳಿಗ್ಗೆ ಸಂಜೆ ಒಂದೊಂದು ಕೊಡ ನೀರನ್ನು ಭಕ್ತಿಯಿಂದ ಪೈಪಿಗೆ ಹುಯ್ದ.

ಮೇಷ್ಟ್ರು ಶುಕ್ರವಾರ ಹಾಲಿನ ಬೂತಿನಲ್ಲಿ ಈ ವಿಷಯವನ್ನು ಒಬ್ಬರಿಗೆ ಮಾತ್ರ, ಗುಟ್ಟಾಗಿ, ರಾಷ್ಟ್ರದ ಹಿತದೃಷ್ಟಿಯಿಂದ ಹೇಳಿದರು. ಬೂತಿನಿಂದ ಹೊರಟಾಗ ಒಂದೇ ತಾಮ್ರಪಟ ಇತ್ತು. ಮಂಡಿಪೇಟೆ ಮುಟ್ಟುವಾಗ ಅದು ಏಳಾಯಿತು. ಹಳೇ ಬಸ್‌ಸ್ಟ್ಯಾಂಡಿನಲ್ಲಿ ಅದಕ್ಕೆ ಒಂದು ಕೊಪ್ಪರಿಗೆ ಹೊನ್ನು ಸೇರಿತು. ಹರಿಹರಕ್ಕೆ ಹೋಗಿ ಇಳಿದಾಗ ಕೊಪ್ಪರಿಗೆಯ ಮೇಲೆ ಒಂದು ಹಾವೂ ಕೂತಿತ್ತು. ಹರಿಹರದಲ್ಲಿ ಸುದ್ದಿ ಸೀದಾ ವಾಮದೇವಪ್ಪನ ಅಕ್ಕ ಕೊಟ್ರವ್ವನ ಮನೆಗೆ ಹೋಯಿತು.

ಶನಿವಾರ ಮುಹೂರ್ತವಿರಲಿಲ್ಲ, ಮಂಟಪಕ್ಕೆ ರಜೆ. ಹತ್ತು ಗಂಟೆಗೆ ಶಬ್ಬೀರ್ ಬಂದು ವೈರು ಜೋಡಿಸಿದ. ವಾಮದೇವಪ್ಪ ಡಬ್ಬಿಯ ಸ್ವಿಚ್ ಒತ್ತಿ ಹೆಡ್‌ಫೋನ್ ಹಾಕಿಕೊಂಡ. ಗುಂಯ್ ಇಲ್ಲ! ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಅವನ ಕಿವಿಯಲ್ಲಿ ಏನೂ ಇರಲಿಲ್ಲ. ಅವನ ಕಣ್ಣು ತುಂಬಿತು. ಹಳೆಯ ವಚನ ಗಾಯನವೊಂದನ್ನು ಆರಿಸಿ, ಒತ್ತಲು ಬೆರಳು ಎತ್ತಿದ.

ಯಾರೋ ಹೆಗಲು ಹಿಡಿದು ಅಲ್ಲಾಡಿಸಿದರು. ತಲೆ ಎತ್ತಿದರೆ ಎದುರಿಗೆ ಕೊಟ್ರವ್ವ. ಕಂಕುಳಲ್ಲಿ ಚೀಲ, ಮುಖದಲ್ಲಿ ಬೆಂಕಿ.

"ಅಕ್ಕ! ಬಾ, ಕೂಡು..."

"ಬಾ ಅನ್ನೋದೂ ಬ್ಯಾಡ, ಕೂಡು ಅನ್ನೋದೂ ಬ್ಯಾಡ. ಮೊದ್ಲು ತಲೆ ಮ್ಯಾಲಿಂದು ತೆಗಿ. ಆಮೇಲೆ ನೆಲದಾಗಿಂದು ತೆಗಿ."

"ನೆಲದಾಗೆ ಏನೈತೆ?"

"ನನ್ನ ಕೇಳ್ತೀಯಾ? ಏನೈತೆ ಅಂತ ಹರಿಹರದಾಗೆ ಗಿರಣಿಗೆ ಹಿಟ್ಟು ಬೀಸಾಕೆ ಬಂದೋರೆಲ್ಲ ನನಗೆ ಹೇಳಿದ್ರು!" ಕೊಟ್ರವ್ವ ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಬಡಿದಳು. "ಅಪ್ಪ ಸತ್ತಾಗ ಒಂದು ಮಾತು ಆಡ್ದೆ ಈ ಮನೆ ನಿನಗೆ ಬಿಟ್ಟು ಸಹಿ ಹಾಕಿದೀನಿ. ಬದಲಿಗೆ ಒಂದು ಸೀರೆ ಕೊಟ್ಟಿ. ಅದು ಮೊದಲನೇ ಒಗೆತಕ್ಕೆ ಬಣ್ಣ ಬಿಡ್ತು, ಅದಕ್ಕೂ ಏನೂ ಅನ್ಲಿಲ್ಲ. ಆದ್ರೆ ನಾನು ಸಹಿ ಹಾಕಿದ್ದು ಮನೆಗೆ. ಮನೆ ಕೆಳಗೆ ಇರೋದಕ್ಕಲ್ಲ!"

"ಅಕ್ಕ, ಅದು ಅರ್ಥಿಂಗು..."

"ಅರ್ಥ ನನಗೂ ಆಗ್ತೈತೆ! ಒಂದು ತಿಂಗಳಾಗೆ ಐದು ಸಲ ಹರಿಹರಕ್ಕೆ ಬಂದಿ. ಈ ಶಬ್ಬೀರಣ್ಣನ ಅಂಗಡಿಗೂ ನಮ್ಮನಿಗೂ ನಡುವೆ ಒಂದು ಹಿಟ್ಟಿನ ಗಿರಣಿ ಐತೆ, ಅಷ್ಟೇ. ಒಂದು ಸಲ ಬಾಗಿಲು ಬಡಿದ್ಯಾ? ಬದುಕಿದೀಯಾ ಅಕ್ಕ, ಒಂದು ಲೋಟ ಚಾ ಕೊಡು ಅಂದ್ಯಾ? ಒಡಹುಟ್ಟಿದೋಳ ಹತ್ರ ಮುಚ್ಚಿಡೋ ಕೆಲಸ ಇದ್ದಿದ್ದಕ್ಕೇ ಬರ್ಲಿಲ್ಲ!"

ವಾಮದೇವಪ್ಪ ಬಾಯಿ ತೆರೆದ. ಐದು ಸಲವೂ ಅಕ್ಕನ ನೆನಪೇ ಆಗಲಿಲ್ಲವೆಂದು ಹೇಳುವುದಕ್ಕಿಂತ ಕೊಪ್ಪರಿಗೆ ಹೊನ್ನು ಸಿಕ್ಕಿತೆಂದು ಒಪ್ಪಿಕೊಳ್ಳುವುದೇ ಕ್ಷೇಮವೆನ್ನಿಸಿ ಬಾಯಿ ಮುಚ್ಚಿದ.

"ಅಕ್ಕಾರೆ, ಮೊದ್ಲು ಕೈಕಾಲು ತೊಳ್ಕೊಳ್ರಿ" ಎಂದು ದ್ರಾಕ್ಷಾಯಣಮ್ಮ ತಂಬಿಗೆ ಹಿಡಿದು ಬಂದಳು.

"ನೀರೂ ಮುಟ್ಟಲ್ಲ ನಾನು, ಪಾಲು ಆಗೋವರ್ಗೂ."

ಅಷ್ಟರಲ್ಲಿ ಗೇಟು ಸದ್ದಾಯಿತು. ಹೆಗಲಿಗೆ ಬ್ಯಾಗು ಹಾಕಿದ ಒಬ್ಬ ತರುಣಿ ಒಳಗೆ ಬಂದಳು. ಅವಳ ಹಿಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಕೈಯಲ್ಲಿ ಭೂತಗನ್ನಡಿ ಹಿಡಿದ ಸೂರಪ್ಪ ಮೇಷ್ಟ್ರು.

"ನಾನು ನಯನಾ, ರೆವಿನ್ಯೂ ಇನ್‌ಸ್ಪೆಕ್ಟರ್. ನಿಮ್ಮ ಹಿತ್ತಲಲ್ಲಿ ನಿಧಿ ತೆಗೆದಿದ್ದೀರಿ ಅಂತ ಅರ್ಜಿ ಬಂದಿದೆ, ನಾಲ್ಕು ಪುಟ" ಎಂದು ಅವಳು ಹೇಳಿದಳು.

"ನಾಲ್ಕೂವರೆ" ಎಂದರು ಮೇಷ್ಟ್ರು. "ಅಡಿಟಿಪ್ಪಣಿ ಸೇರಿ."

ವಾಮದೇವಪ್ಪನ ಸಹನೆ ಮುಗಿಯಿತು. "ಮೇಡಂ, ನಿಧಿ ಇಲ್ಲ, ಗಿಧಿ ಇಲ್ಲ! ನನ್ನ ಮನೇಲಿ ನಾನು ಒಂದು ಹಾಡು ಕೇಳಾಕೆ ಇಷ್ಟೆಲ್ಲ ಮಾಡಿದ್ದು. ಆ ಒಂದು ಹಾಡು ಇನ್ನೂ ಕೇಳಿಲ್ಲ!"

ನಯನಾಳ ಕಣ್ಣು ಅವನ ಕೊರಳಲ್ಲಿ ನೇತಾಡುತ್ತಿದ್ದ ಹೆಡ್‌ಫೋನಿನ ಮೇಲೆ ಬಿತ್ತು. "ಸರ್, ಇದನ್ನ ಇದೇ ಡಬ್ಬಿಯಿಂದ ಓಡಿಸ್ತೀರಾ? ಗುಂಯ್ ಅಂತ ಹಮ್ ಬರ್ತಿತ್ತಾ? ಅದಕ್ಕೇ ಅರ್ಥಿಂಗ್ ಹಾಕಿಸಿದ್ರಾ?"

ಇಡೀ ದಾವಣಗೆರೆ ಜಿಲ್ಲೆಯಲ್ಲಿ ತನ್ನನ್ನು ಅರ್ಥ ಮಾಡಿಕೊಂಡ ಒಂದು ಜೀವ ಸರ್ಕಾರಿ ನೌಕರಿಯಲ್ಲಿದೆಯೆಂದು ತಿಳಿದು ವಾಮದೇವಪ್ಪ ಕೈ ಮುಗಿದ. "ಹೌದು ತಾಯಿ" ಎಂದ.

"ಹಾಗಾದ್ರೆ ನನಗೆ ಅರ್ಥವಾಯ್ತು ಸರ್."

"ಅಂದ್ರೆ ಹೊರಡ್ತೀರಲ್ಲ?"

"ಇಲ್ಲ ಸರ್. ಅರ್ಜಿ ಬಂದಿದೆ, ಮಹಜರು ಆಗ್ಲೇಬೇಕು. ಗುಂಡಿ ತೆಗೆಸಿ."

ಆಳುಗಳು ಇರಲಿಲ್ಲ. ಶಬ್ಬೀರ್ ಪಂಚೆ ಎತ್ತಿ ಕಟ್ಟಿ ಸಲಿಕೆ ಹಿಡಿದ, ವಾಮದೇವಪ್ಪ ಹಾರೆ ಹಿಡಿದ. ಕೊಟ್ರವ್ವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಒಂದು ಬುಟ್ಟಿ ಮಣ್ಣೂ ಕಣ್ತಪ್ಪದಂತೆ ಕಾವಲು ಕಾದಳು. ಬೀದಿಯ ಜನ ಕಾಂಪೌಂಡಿನ ಮೇಲೆ ಗಲ್ಲ ಊರಿ ನಿಂತರು. ಹಾವು ಯಾವಾಗ ಬರುತ್ತದೆಂದು ಒಬ್ಬ ಕೇಳಿದ. ನಯನಾ ಬರೆಯತೊಡಗಿದಳು: "ಸದರಿ ಗುಂಡಿಯಲ್ಲಿ ಎರಡು ಅಡಿ ಆಳದಲ್ಲಿ ಕಲ್ಲುಪ್ಪು. ಮೂರು ಅಡಿ ಆಳದಲ್ಲಿ ಇದ್ದಿಲು, ಹಾಗೂ ಜೀವಂತ ಎರೆಹುಳು ಒಂದು."

ಐದನೆಯ ಅಡಿಯಲ್ಲಿ ಸಲಿಕೆ ಠಣ್ ಎಂದಿತು. ಕಾಂಪೌಂಡಿನ ಮೇಲಿನ ಗಲ್ಲಗಳೆಲ್ಲ ಒಂದೇ ಸಲ ಎದ್ದವು. ಶಬ್ಬೀರ್ ಮಣ್ಣು ಮೆತ್ತಿದ ತಾಮ್ರದ ತಗಡನ್ನು ಮೇಲೆತ್ತಿ ಕೊಟ್ಟ. ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಒಂದು ಮೂಲೆ ಒರೆಸಿದರು. ಭೂತಗನ್ನಡಿ ಇಟ್ಟರು.

"ಲಿಪಿ ಐತೆ!" ಎಂದು ಕೂಗಿದರು. "ಲಿಪಿ ಐತೆ! ಕೆತ್ತಿದಾರೆ!"

ಕೊಟ್ರವ್ವ ಕಲ್ಲಿನಿಂದ ಎದ್ದೇಬಿಟ್ಟಳು. "ಓದ್ರಿ ಮೇಷ್ಟ್ರೆ, ಯಾರ ಹೆಸರಿಗೆ ಬರೆದಾರೆ ಓದ್ರಿ!"

ವಾಮದೇವಪ್ಪ ಗುಂಡಿಯೊಳಗಿಂದಲೇ ಬೆಪ್ಪಾಗಿ ನೋಡಿದ. ತನ್ನ ಖರ್ಚಿನ ತಗಡಿನಲ್ಲಿ ತನಗೆ ಗೊತ್ತಿಲ್ಲದ ಶಾಸನ! ಮೇಷ್ಟ್ರು ಪಂಚೆಯ ತುದಿಯಿಂದ ಇಡೀ ತಗಡು ಒರೆಸಿ, ಮೂವತ್ತೊಂದು ವರ್ಷದ ಅನುಭವದ ಧ್ವನಿಯಲ್ಲಿ, ಅಕ್ಷರ ಅಕ್ಷರ ಕೂಡಿಸಿ ಓದಿದರು.

"ಶ... ಬ್ಬೀ... ರ್. ಶಬ್ಬೀರ್ ಎಲೆಕ್ಟ್ರಿಕಲ್ಸ್. ಹರಿಹರ. ನಮ್ಮಲ್ಲಿ ಮೋಟಾರ್ ವೈಂಡಿಂಗ್ ಸಹ ಮಾಡಲಾಗುವುದು."

ಕೆಳಗೆ ಮೊಬೈಲ್ ನಂಬರು ಇತ್ತು. ಮೇಷ್ಟ್ರು ಅದನ್ನೂ ಓದಿದರು. ಹತ್ತರಲ್ಲಿ ಒಂದು ಅಂಕಿಯನ್ನೂ ಬಿಡಲಿಲ್ಲ.

"ನಾನೇ ಮೊಳೇಲಿ ಗೀಚಿದ್ದು ಮೇಷ್ಟ್ರೆ" ಎಂದ ಶಬ್ಬೀರ್ ನಾಚಿಕೆಯಿಂದ. "ಎಲ್ಲಾ ಪ್ಲೇಟಿಗೂ ಗೀಚ್ತೀನಿ. ಮುಂದೆ ಯಾರಾದ್ರೂ ತೆಗೆದ್ರೆ ಯಾರು ಹಾಕಿದ್ದು ಅಂತ ಗೊತ್ತಾಗ್ಲಿ ಅಂತ."

ಜನ ನಕ್ಕರು. ಮೇಷ್ಟ್ರು ನಗಲಿಲ್ಲ. ತಗಡನ್ನು ಹಿಂದುಮುಂದು ತಿರುಗಿಸಿ ನೋಡಿ, ಶಬ್ಬೀರನ ಕಡೆ ತಿರುಗಿ ಗದರಿದರು: "ಇಸವಿ ಎಲ್ಲಿ? ದಿನಾಂಕ ಇಲ್ದ ಶಾಸನ ಇತಿಹಾಸಕ್ಕೆ ಯಾತಕ್ಕೂ ಬರಲ್ಲ. ಐನೂರು ವರ್ಷ ಆದ್ಮೇಲೆ ಇದನ್ನ ತೆಗೆಯೋ ಪಂಡಿತನ ಗತಿ ಏನು? ನಿನಗೆ ಜವಾಬ್ದಾರಿ ಬ್ಯಾಡ್ವಾ?"

ಶಬ್ಬೀರ್ ತಪ್ಪು ಒಪ್ಪಿಕೊಂಡು, ಮೊಳೆ ತೆಗೆದು, ಮೇಷ್ಟ್ರು ಹೇಳಿದಂತೆ ತಿಥಿ, ವಾರ, ಇಸವಿ ಗೀಚಿದ. ನಯನಾ ಶಾಸನಪಾಠವನ್ನು ಮೋಟಾರ್ ವೈಂಡಿಂಗ್ ಸಮೇತ ಮಹಜರಿಗೆ ಇಳಿಸಿಕೊಂಡಳು. ಮೇಷ್ಟ್ರು ಪಂಚರಾಗಿ ಸಹಿ ಹಾಕಿದರು. ತಗಡು ಮತ್ತೆ ಗುಂಡಿಗೆ ಇಳಿಯಿತು, ವೈರು ಸೇರಿತು, ಉಪ್ಪು ಬಿತ್ತು, ಇದ್ದಿಲು ಬಿತ್ತು, ಮಣ್ಣು ಬಿತ್ತು. ನಯನಾ ಹೋಗುವಾಗ, "ಸರ್, ಆ ಡಬ್ಬಿ ನನಗೂ ಒಂದು ಬೇಕಿತ್ತು" ಎಂದು ಶಬ್ಬೀರನ ನಂಬರನ್ನು ಮಹಜರಿನಿಂದಲೇ ಬರೆದುಕೊಂಡಳು.

ಶಬ್ಬೀರ್ ಹಿತ್ತಲಲ್ಲಿ ಕೈಕಾಲು ತೊಳೆಯತೊಡಗಿದ. ಮಿಕ್ಕವರೆಲ್ಲ ಹೋದರು. ಕೊಟ್ರವ್ವ ಮಾತ್ರ ಹೋಗಲಿಲ್ಲ. ನಡುಮನೆಗೆ ಬಂದು ಕುರ್ಚಿಯ ಮೇಲೆ ಕೂತಳು. ನೀರಿನ ತಂಬಿಗೆ ಇಟ್ಟಲ್ಲೇ ಇತ್ತು.

"ನಿಧಿ ಇಲ್ಲ ಅಂತ ಸರ್ಕಾರಾನೇ ಬರ್ಕೊಂಡು ಹೋಯ್ತಲ್ಲ ಅಕ್ಕ" ಎಂದ ವಾಮದೇವಪ್ಪ, ಕೈಯ ಮಣ್ಣು ಒರೆಸಿಕೊಳ್ಳುತ್ತ.

"ಹಂಗಾರೆ ಐದು ಸಲ ಹರಿಹರಕ್ಕೆ ಬಂದಿದ್ದು ಯಾತಕ್ಕೆ?"

"ಇದಕ್ಕೆ" ಎಂದು ಹೆಡ್‌ಫೋನು ತೋರಿಸಿದ.

"ಇದಕ್ಕೆ ನನ್ನ ಮನೆ ದಾಟಿ ಹೋದ್ಯಾ?" ಕೊಟ್ರವ್ವನ ಧ್ವನಿ ಮೊದಲ ಬಾರಿಗೆ ತಗ್ಗಿತು. ಬೈಯುವುದಕ್ಕಿಂತ ಅದು ಕಷ್ಟವಾಗಿತ್ತು. ದ್ರಾಕ್ಷಾಯಣಮ್ಮ ಗಂಡನನ್ನು ಒಮ್ಮೆ ನೋಡಿ, ಅಡುಗೆಮನೆಗೆ ಹೋದಳು.

"ತಪ್ಪಾಯ್ತು ಅಕ್ಕ" ಎಂದ ವಾಮದೇವಪ್ಪ.

"ತಪ್ಪು ನೀನಿಟ್ಕೋ. ನನಗೆ ಪಾಲು ಕೊಡು."

"ಯಾವುದ್ರಾಗೆ?"

"ಇದಕ್ಕೆ ಎರಡು ಕಿವಿ ಐತಲ್ಲ. ಒಂದು ನನ್ನದು."

ವಾಮದೇವಪ್ಪನಿಗೆ ವಾದಿಸಲು ತ್ರಾಣವಿರಲಿಲ್ಲ. ಕುರ್ಚಿಗೆ ಕುರ್ಚಿ ತಾಗಿಸಿ ಕೂತ. ಹೆಡ್‌ಫೋನಿನ ಕಮಾನನ್ನು ಅದು ಕಿರ್ ಎನ್ನುವವರೆಗೆ ಹಿಗ್ಗಿಸಿ, ಎಡಗಡೆಯದನ್ನು ಅಕ್ಕನ ಕಿವಿಗೆ ಒತ್ತಿ, ಬಲಗಡೆಯದನ್ನು ತನ್ನ ಕಿವಿಗೆ ಒತ್ತಿಕೊಂಡ. ಎರಡು ನರೆತ ತಲೆಗಳು ಒಂದಕ್ಕೊಂದು ತಾಗಿದವು. ಆ ಹಳೆಯ ವಚನ ಗಾಯನವನ್ನು ಹಾಕಿದ.

ಕೊಟ್ರವ್ವನ ಮುಖ ನಿಧಾನವಾಗಿ ಸಡಿಲವಾಯಿತು, ಕಣ್ಣು ಮುಚ್ಚಿದವು. "ಅಯ್ ಶಿವನೆ! ಎಷ್ಟು ಚಂದ ಹಾಡ್ತಾನೋ ವಾಮು! ಉಸಿರು ಎಳ್ಕೊಳ್ಳೋದೂ ಕೇಳ್ತೈತಲ್ಲೋ. ಇಲ್ಲೇ ಪಕ್ಕದಾಗೆ ಕುಂತಂಗೈತೆ."

ವಾಮದೇವಪ್ಪ ಕಿವಿಯನ್ನು ಇನ್ನಷ್ಟು ಒತ್ತಿ ಹಿಡಿದ. ಧಿನ್ ಧಿನ್ ಧಾ. ಧಿನ್ ಧಿನ್ ಧಾ. ಮತ್ತೆ ಒತ್ತಿ ಹಿಡಿದ. ಅವನ ಕಡೆ ತಬಲಾ ಬಿಟ್ಟು ಬೇರೇನೂ ಇರಲಿಲ್ಲ.

"ಶಬ್ಬೀರ್!" ಎಂದು ಕೂಗಿದ. "ನನ್ನ ಕಡೆ ಹಾಡೇ ಬರ್ತಿಲ್ಲ!"

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಶಬ್ಬೀರ್ ತಿರುಗಿ ನೋಡಿದ. "ಡಬ್ಬಿ ಸರಿ ಐತ್ರಿ ಯಜಮಾನ್ರೆ. ಹಳೇ ಕಾಲದ ರೆಕಾರ್ಡಿಂಗು ಹಂಗೇ ಇರೋದು. ಹಾಡೋರನ್ನ ಒಂದು ಕಡೆ ಹಾಕ್ತಿದ್ರು, ಬಾರಿಸೋರನ್ನ ಒಂದು ಕಡೆ. ಎರಡೂ ಕಿವಿ ಒಬ್ಬರೇ ಇಟ್ಕೊಂಡ್ರೆ ಪೂರ್ತಿ ಬರುತ್ತೆ" ಎಂದು ಹೇಳಿ ಹೋದ.

"ಅಕ್ಕ" ಎಂದ ವಾಮದೇವಪ್ಪ ಮೆತ್ತಗೆ, "ಸ್ವಲ್ಪ ಹೊತ್ತು ಆ ಕಡೇದು ನನಗೆ..."

ಕೊಟ್ರವ್ವ ಕಣ್ಣು ಬಿಡಲಿಲ್ಲ. ತನ್ನ ಕಡೆಯದನ್ನು ಅಂಗೈಯಿಂದ ಭದ್ರವಾಗಿ ಒತ್ತಿ ಹಿಡಿದಳು. "ಆದ ಪಾಲು ಆಯ್ತು. ಬದಲ್ಸಾಕೆ ಬರಲ್ಲ. ದ್ರಾಕ್ಷಾಯಣಿ, ಆ ನೀರು ಇತ್ತ ಕೊಡವ್ವ. ವಾಮು, ನೀನು ಇನ್ನೊಂದು ಹಾಕೋ."

ಅವನು ಇನ್ನೊಂದು ಹಾಕಿದ. ರೊಟ್ಟಿ ಬಡಿದು ಮುಗಿಯುವ ಹೊತ್ತಿಗೆ ಕೊಟ್ರವ್ವ ಒಂಬತ್ತು ಹಾಡು ಕೇಳಿದ್ದಳು. ವಾಮದೇವಪ್ಪ ಒಂಬತ್ತು ತಬಲಾ ಕೇಳಿದ್ದ.